ಊರ ಶಾಲೆಯ ಮಟ್ಟ ಇಳಿದಿದೆಯಾ, ಅಥವಾ ಮಕ್ಕಳು ಬದಲಾಗಿದ್ದಾರಾ?

ಪ್ರಶ್ನೆ: ನಮ್ಮೂರು ಅಂಕೋಲಾ ತಾಲೂಕಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ನಾನು ಕಲಿತ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೇ ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು ಅಂತ ಆಸೆ. ಈಗ ಅಲ್ಲಿ ನಲವತ್ತರ ಆಸುಪಾಸು ಮಕ್ಕಳು, ಇಬ್ಬರು ಅಕ್ಕೋರು (ಶಿಕ್ಷಕಿಯರು). ಮಕ್ಕಳಲ್ಲಿ ಹೆಚ್ಚಿನವರು ಹಾಲಕ್ಕಿ ಸಮುದಾಯದ ಕೊಪ್ಪದವರು (ಕೇರಿಯವರು). ಗದಗ, ಕೊಪ್ಪಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಹಿಂದಿ ಮಾತಾಡುವವರೂ ಒಂದಿಬ್ಬರು. ನಮ್ಮ ಕೇರಿಯ ಮಕ್ಕಳೆಲ್ಲ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. 'ಆ ಶಾಲೆಯ ಮಟ್ಟ ಇಳಿದಿದೆ, ಐದನೇ ತರಗತಿಯ ಅರ್ಧ ಮಕ್ಕಳಿಗೆ ಓದಲು ಬರುವುದಿಲ್ಲ' ಅನ್ನುತ್ತಾರೆ. ಇದನ್ನು ನಂಬಬೇಕಾ? ಶಾಲೆ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಇಂಥ ಮಕ್ಕಳ ಜೊತೆ ಕೂತರೆ ನನ್ನ ಮಗಳು ಹಿಂದೆ ಬೀಳುತ್ತಾಳಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಮನಸ್ಸನ್ನು ಕೊರೆಯುತ್ತಿರುವುದು ಅದೇ ಅಲ್ವಾ? ಹಾಲಕ್ಕಿ ಮಕ್ಕಳ ಪಕ್ಕ, ಕೂಲಿ ಕೆಲಸಕ್ಕೆ ಬಂದವರ ಮಕ್ಕಳ ಪಕ್ಕ ಕೂತ ಕಾರಣಕ್ಕೆ ನಿಮ್ಮ ಮಗಳು ಹಿಂದೆ ಬೀಳುವುದಿಲ್ಲ. ಅಕ್ಕೋರು ವಾರಕ್ಕೆರಡು ದಿನ ಮೀಟಿಂಗಿಗೆ ಹೋಗಿ ತರಗತಿ ಖಾಲಿ ಉಳಿದರೆ ಬೀಳುತ್ತಾಳೆ. ಪಾಠ ನಡೆಯದೆ ಸುಮ್ನೆ ಕಾಪಿ ಬರೆಸಿ ಕೂರಿಸಿದರೆ ಬೀಳುತ್ತಾಳೆ. ಆಗ ಪಕ್ಕದಲ್ಲಿ ಯಾರ ಮಗು ಕೂತಿದ್ದರೂ ಬೀಳುತ್ತಾಳೆ, ಪೇಟೆಯ ಶಾಲೆಯಲ್ಲೂ ಬೀಳುತ್ತಾಳೆ.

ಈಗ 'ಮಟ್ಟ ಇಳಿದಿದೆ' ಅನ್ನುವ ಮಾತಿಗೆ ಬರೋಣ. ಇದನ್ನು ಹೇಳಿದವರನ್ನು ಒಂದು ಪ್ರಶ್ನೆ ಕೇಳಿ: ಯಾವುದನ್ನು ನೋಡಿ ಹೇಳುತ್ತಿದ್ದೀರಿ? ಹತ್ತರಲ್ಲಿ ಒಂಬತ್ತು ಮಂದಿ ಶಾಲೆಯೊಳಗೆ ಕಾಲಿಟ್ಟಿರುವುದಿಲ್ಲ. ಅವರು ನೋಡಿದ್ದು ಗೇಟಿನ ಹೊರಗೆ ಬರುವ ಮಕ್ಕಳನ್ನು. ಮೊದಲು ಮೇಲ್ಕೇರಿಯ ಮಕ್ಕಳು ಬರುತ್ತಿದ್ದರು, ಈಗ ಕೊಪ್ಪದ ಮಕ್ಕಳು ಬರುತ್ತಾರೆ. ಬದಲಾದದ್ದು ಮಕ್ಕಳ ಮನೆ, ಜಾತಿ, ಅಪ್ಪ-ಅಮ್ಮನ ಕೆಲಸ. ಅದನ್ನೇ ಜನ ಶಾಲೆಯ ಮಟ್ಟ ಅಂತ ಕರೆಯುತ್ತಿದ್ದಾರೆ. ಇದನ್ನು ಬಾಯಿಬಿಟ್ಟು ಹೇಳುವುದು ಕೆಲವರಿಗೆ ಬೇಸರ ತರಬಹುದು, ಆದರೂ ಹೇಳಬೇಕು. ಯಾರು ಕಲಿಯುತ್ತಿದ್ದಾರೆ ಅನ್ನುವುದು ಒಂದು ವಿಷಯ, ಶಾಲೆ ಹೇಗೆ ಕಲಿಸುತ್ತಿದೆ ಅನ್ನುವುದು ಇನ್ನೊಂದು. ಮೊದಲನೆಯದು ರಸ್ತೆಯಲ್ಲಿ ನಿಂತರೆ ಕಾಣುತ್ತದೆ. ಎರಡನೆಯದು ಒಳಗೆ ಹೋಗಿ ನೋಡಿದರೆ ಮಾತ್ರ.

ಹಾಗಂತ ಮನೆಯ ಹಿನ್ನೆಲೆಗೂ ಅಂಕಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಇದೆ. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ತಂಡ ಆರು ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ಪರೀಕ್ಷಿಸಿ ಸರ್ಕಾರಕ್ಕೆ ವರದಿ ಕೊಟ್ಟಿತು. ಶಾಲೆಯ ಕಟ್ಟಡ, ಪುಸ್ತಕ, ಖರ್ಚು ಇವುಗಳಿಗಿಂತ ಮನೆಯ ಹಿನ್ನೆಲೆಯೇ ಅಂಕಗಳ ವ್ಯತ್ಯಾಸವನ್ನು ಹೆಚ್ಚು ವಿವರಿಸುತ್ತದೆ ಅಂತ ಅದರಲ್ಲಿ ಕಂಡುಬಂತು. ಇಷ್ಟನ್ನು ಮಾತ್ರ ಹಿಡಿದುಕೊಂಡು 'ಬಡವರ ಮಕ್ಕಳು ಇರುವ ಶಾಲೆ ಅಷ್ಟೇ' ಅನ್ನುವವರು ಇದ್ದಾರೆ. ಆದರೆ 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್ಲಿ ಎಂಬ ಇಬ್ಬರು ಸಂಶೋಧಕರು 29 ದೇಶಗಳ ಲೆಕ್ಕ ತೆಗೆದು ನೋಡಿದರು. ಬಡ ದೇಶಗಳಲ್ಲಿ ಮನೆಗಿಂತ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪ್ರಭಾವವೇ ಜಾಸ್ತಿ ಅಂತ ಅವರಿಗೆ ಕಂಡಿತು. ಇದು ನಮ್ಮ ಕರಾವಳಿಗೆ ಚೆನ್ನಾಗಿ ಹೊಂದುವ ಮಾತು ಅಂತ ನನ್ನ ಅನಿಸಿಕೆ. ಮನೆಯಲ್ಲಿ ಪುಸ್ತಕ ಇಲ್ಲದ, ಟ್ಯೂಷನ್ ಇಲ್ಲದ ಮಗುವಿಗೆ ಓದು ಸಿಗುವುದು ಶಾಲೆಯ ಆ ಐದಾರು ಗಂಟೆಗಳಲ್ಲೇ. ಅಲ್ಲಿ ಅಕ್ಕೋರು ಚೆನ್ನಾಗಿ ಕಲಿಸಿದರೆ ಅದರ ಪರಿಣಾಮ ಎದ್ದು ಕಾಣುತ್ತದೆ.

ಇನ್ನು 'ಐದನೇ ತರಗತಿಯ ಅರ್ಧ ಮಕ್ಕಳಿಗೆ ಓದಲು ಬರುವುದಿಲ್ಲ' ಅನ್ನುವ ಮಾತು. ಇದು ನಿಜವೇ ಇರಬಹುದು. ಆದರೆ ಯಾವುದರ ಎದುರು ಇಟ್ಟು ನೋಡುತ್ತೀರಿ? ದೇಶದ ಹಳ್ಳಿಗಳಲ್ಲಿ 2005ರಿಂದ ಅಸರ್ ಸಮೀಕ್ಷೆ ನಡೆಯುತ್ತಿದೆ. ಮನೆಮನೆಗೆ ಹೋಗಿ ಮಗುವಿಗೆ ಎರಡನೇ ತರಗತಿ ಮಟ್ಟದ ಒಂದು ಚಿಕ್ಕ ಕಥೆ ಓದಿಸುತ್ತಾರೆ. 2024ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಆ ಕಥೆಯನ್ನು ಓದಿದವರು ಹತ್ತಿರಹತ್ತಿರ ಅರ್ಧ. ಇದರಲ್ಲಿ ಖಾಸಗಿ ಶಾಲೆಯ ಮಕ್ಕಳೂ ಸೇರಿದ್ದಾರೆ. ಖಾಸಗಿ ಶಾಲೆಗಳನ್ನಷ್ಟೇ ತೆಗೆದುಕೊಂಡರೂ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ಓದಲು ಬಂದಿರಲಿಲ್ಲ. ಹಾಗಾಗಿ ಅದು ನಿಮ್ಮೂರ ಶಾಲೆಯೊಂದರ ರೋಗ ಅಂತ ಹೇಳಲು ಬರುವುದಿಲ್ಲ. ವ್ಯಾನ್ ಹತ್ತಿದ ಮಾತ್ರಕ್ಕೆ ತಪ್ಪುವಂಥದ್ದೂ ಅಲ್ಲ.

ಅದಕ್ಕಿಂತ ಮುಖ್ಯ ವಿಷಯ, ಸಣ್ಣ ಶಾಲೆಯ ಶೇಕಡಾವಾರು ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಲವತ್ತು ಮಕ್ಕಳ ಶಾಲೆಯಲ್ಲಿ ಐದನೇ ತರಗತಿಗೆ ಎಂಟು ಮಕ್ಕಳು ಇದ್ದಾರೆ ಅಂತ ಇಟ್ಟುಕೊಳ್ಳಿ. ಅಲ್ಲಿ ಒಂದು ಮಗು ಅಂದರೆ ಶೇ 12.5. ಒಬ್ಬ ಹುಡುಗ ಜ್ವರ ಬಂದು ಪರೀಕ್ಷೆ ಬರೆಯದಿದ್ದರೆ ಶಾಲೆಯ ಫಲಿತಾಂಶ ಶೇ 12.5 ಇಳಿಯುತ್ತದೆ. ಈಗ ಈ ಎಂಟರಲ್ಲಿ ಐದು ಮಕ್ಕಳು ಒಂದನೇ ತರಗತಿಯಿಂದ ಇದೇ ಶಾಲೆಯವರು. ಐವರೂ ಕಥೆ ಓದುತ್ತಾರೆ. ಉಳಿದ ಮೂವರು ಈ ವರ್ಷವೇ ಸೇರಿದವರು. ಊರೂರು ಅಲೆಯುವ ಅಪ್ಪ-ಅಮ್ಮನ ಜೊತೆ ಇದ್ದು ಒಂದೆರಡು ವರ್ಷ ಶಾಲೆಯನ್ನೇ ನೋಡಿರಲಿಲ್ಲ. ಸೇರಿದಾಗ ಅಕ್ಷರವೂ ಗೊತ್ತಿರಲಿಲ್ಲ. ಮಾರ್ಚ್ ಹೊತ್ತಿಗೆ ಒಬ್ಬಳು ಸಣ್ಣ ಪ್ಯಾರಾ ಓದುತ್ತಾಳೆ, ಇಬ್ಬರು ಪದಗಳನ್ನು ಕೂಡಿಸಿ ಓದುತ್ತಾರೆ. ಕಥೆ ಓದುವವರು ಎಷ್ಟು? ಎಂಟರಲ್ಲಿ ಐದು, ಶೇ 62.5. ಹಿಂದಿನ ವರ್ಷ ಏಳಕ್ಕೆ ಏಳು ಮಕ್ಕಳೂ ಓದುತ್ತಿದ್ದರು. ಕಾಗದದ ಮೇಲೆ ಶಾಲೆ ನೂರರಿಂದ 62ಕ್ಕೆ ಬಿದ್ದಿತು. ಕಟ್ಟೆಯ ಮೇಲೆ ಕೂತವರಿಗೆ 'ಮಟ್ಟ ಇಳಿಯಿತು' ಅನ್ನಲು ಇಷ್ಟು ಸಾಕು. ನಿಜದಲ್ಲಿ ಏನಾಯಿತು? ಹಳೆಯ ಮಕ್ಕಳು ಯಾರೂ ಕೆಳಗೆ ಬೀಳಲಿಲ್ಲ. ಅಕ್ಷರ ಬಾರದ ಮೂರು ಮಕ್ಕಳು ಒಂದೇ ವರ್ಷದಲ್ಲಿ ಓದುವ ಹಾದಿ ಹಿಡಿದರು. ನನ್ನನ್ನು ಕೇಳಿದರೆ ಆ ವರ್ಷ ಆ ಅಕ್ಕೋರು ಮಾಡಿದ ಕೆಲಸ ಹಿಂದಿನ ವರ್ಷದ್ದಕ್ಕಿಂತ ದೊಡ್ಡದು.

ಇದು ಬರೀ ಲೆಕ್ಕದ ಆಟ ಅಂದುಕೊಳ್ಳಬೇಡಿ, ಕಾನೂನೇ ಹಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಶಾಲೆ ಬಿಟ್ಟಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹತ್ತು ವರ್ಷದ ಹುಡುಗ ಅಕ್ಷರ ಬಾರದಿದ್ದರೂ ಐದನೇ ತರಗತಿಗೇ ಬರುತ್ತಾನೆ. ಅವನನ್ನು ಉಳಿದವರ ಮಟ್ಟಕ್ಕೆ ತರಲು ವಿಶೇಷ ತರಬೇತಿ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಸರ್ಕಾರಿ ಶಾಲೆ ಇಂಥ ಮಗುವಿಗೆ 'ಸೀಟಿಲ್ಲ' ಅನ್ನುವ ಹಾಗಿಲ್ಲ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳುತ್ತದೆ. ಪೇಟೆಯ ಶಾಲೆ ಸೇರುವಾಗಲೇ ಮಗುವನ್ನು, ಅಪ್ಪ-ಅಮ್ಮನನ್ನು ಮಾತಾಡಿಸಿ ಆರಿಸಿಕೊಂಡರೆ ಅದರ ಸರಾಸರಿ ಚೆಂದ ಕಾಣದೆ ಇನ್ನೇನು? ಶಿರಸಿಗೆ ಹೊರಟ ಇಬ್ಬರಲ್ಲಿ ಒಬ್ಬ ಬನವಾಸಿಯಿಂದ ಬಂದ, ಇನ್ನೊಬ್ಬ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬಂದ ಅನ್ನಿ. ಮೊದಲು ಮುಟ್ಟಿದವನೇ ಗಟ್ಟಿ ನಡಿಗೆಯವನು ಅಂತ ಯಾರೂ ತೀರ್ಪು ಕೊಡುವುದಿಲ್ಲ. ಶಾಲೆಯ ವಿಷಯಕ್ಕೆ ಬಂದಾಗ ಮಾತ್ರ ನಾವು ಅದನ್ನೇ ಮಾಡುತ್ತೇವೆ.

ಹೀಗಾಗಿ ನೀವು ಕೇಳಬೇಕಾದದ್ದು ಒಂದೇ ಮಾತು: ಅದೇ ಮಗು ಜೂನ್‌ನಲ್ಲಿ ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು? ಒಟ್ಟು ತರಗತಿಯ ಸರಾಸರಿ ಬೇಡ. ಹೋದ ವರ್ಷದ ಐದನೇ ತರಗತಿಯನ್ನು ಈ ವರ್ಷದ ಐದನೇ ತರಗತಿಯ ಜೊತೆ ಹೋಲಿಸುವುದೂ ಬೇಡ, ಅವರು ಬೇರೆ ಮಕ್ಕಳು. ಶಾಲೆಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಪಾಠದ ಜೊತೆಜೊತೆಗೇ ಮಾಡುವ), ಎರಡು ಸಂಕಲನಾತ್ಮಕ (ಅರ್ಧವರ್ಷದ ಕೊನೆಗೆ ಮಾಡುವ) ಮೌಲ್ಯಮಾಪನ ನಡೆಯುತ್ತವೆ. ಅಕ್ಕೋರು ಎಫ್‌ಎ, ಎಸ್‌ಎ ಅನ್ನುವುದು ಇವನ್ನೇ. ಅದರ ದಾಖಲೆ ಶಾಲೆಯಲ್ಲಿ ಇರುತ್ತದೆ. ಬೇರೆ ಮಕ್ಕಳ ಹೆಸರು, ಅಂಕ ನಿಮಗೆ ಬೇಡ, ಕೇಳುವುದು ಸರಿಯೂ ಅಲ್ಲ. 'ಜೂನ್‌ನಲ್ಲಿ ಓದಲು ಬಾರದೆ ಇದ್ದ ಎಷ್ಟು ಮಕ್ಕಳು ಈಗ ಓದುತ್ತಾರೆ ಅಕ್ಕೋರೆ?' ಅಂತ ಕೇಳಿ. ತನ್ನ ತರಗತಿಯನ್ನು ತಿಳಿದ ಶಿಕ್ಷಕಿ ಪುಸ್ತಕ ತೆಗೆಯದೆ ಉತ್ತರ ಹೇಳುತ್ತಾರೆ. ಒಂದೊಂದು ಮಗುವಿನ ಕಥೆ ಸಮೇತ ಹೇಳುತ್ತಾರೆ. 'ಈ ಮಕ್ಕಳಿಗೆ ಏನು ಹೇಳಿದರೂ ತಲೆಗೆ ಹೋಗುವುದಿಲ್ಲ' ಅನ್ನುವ ಉತ್ತರ ಬಂದರೆ, ಆ ಒಂದು ಮಾತಿಗೇ ನಾನು ಆ ಶಾಲೆಯ ಬಗ್ಗೆ ಚಿಂತೆ ಮಾಡುತ್ತೇನೆ.

ಮಗಳು ಒಂದನೇ ತರಗತಿಗೆ ಸೇರುವವಳು. ಹಾಗಾಗಿ ನೀವು ಹೆಚ್ಚು ಹೊತ್ತು ಕೂರಬೇಕಾದದ್ದು ನಲಿ-ಕಲಿ ಕೊಠಡಿಯಲ್ಲಿ. ಒಂದು, ಎರಡು, ಮೂರನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಈ ಪದ್ಧತಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಾವು ಕಲಿತ ಹಾಗೆ ಅ, ಆ, ಇ, ಈ ಅಂತ ಇಲ್ಲಿ ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರ ಗೊತ್ತಾದರೆ ಮಗು ಸರ, ಅರಸ, ಅಗಸ, ಗರಗಸ ಅಂತ ಓದಬಲ್ಲದು. ಆಮೇಲೆ ಜ, ವ, ಮ, ಬ, ನ. ಎಷ್ಟೋ ಪಾಲಕರು ಎರಡು ತಿಂಗಳು ಕಳೆದ ಮೇಲೆ ಮಗುವಿನ ಹತ್ತಿರ 'ಅ ಆ ಇ ಈ ಹೇಳು' ಅನ್ನುತ್ತಾರೆ. ಮಗು ತಡವರಿಸುತ್ತದೆ. 'ಶಾಲೆಯಲ್ಲಿ ಏನೂ ಕಲಿಸಿಲ್ಲ' ಅಂತ ಊರೆಲ್ಲ ಹೇಳಿಕೊಂಡು ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಗರಗಸ ಅಂತ ಬರೆದು ತೋರಿಸಿ, ಓದುತ್ತಾಳಾ ನೋಡಿ.

ನಲಿ-ಕಲಿಯಲ್ಲಿ ಮಕ್ಕಳು ತಟ್ಟೆ ಅನ್ನುವ ಗುಂಪುಗಳಲ್ಲಿ ಕೂರುತ್ತಾರೆ. ಕಲಿಕಾ ಏಣಿಯಲ್ಲಿ ಒಂದೊಂದೇ ಮೈಲಿಗಲ್ಲು ದಾಟುತ್ತಾ ತಮ್ಮ ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. ಬೇಗ ಕಲಿಯುವ ಮಗು ನಿಧಾನ ಕಲಿಯುವ ಮಗುವಿಗೆ ಕಾಯಬೇಕಿಲ್ಲ. ನಿಮ್ಮ ಭಯಕ್ಕೆ ಉತ್ತರ ಈ ವ್ಯವಸ್ಥೆಯ ಒಳಗೇ ಇದೆ, ಅದು ಸರಿಯಾಗಿ ನಡೆದರೆ. ನಡೆಯುತ್ತಿದೆಯಾ ಅಂತ ತಿಳಿಯಲು ಮೂರು ಕಡೆ ಕಣ್ಣು ಹಾಯಿಸಿ. ಮಕ್ಕಳು ಕಲಿಯಲು ಬಳಸುವ ಕಾರ್ಡುಗಳ ಅಂಚು ಸವೆದಿದೆಯಾ, ಕೈಕೊಳೆ ಹತ್ತಿದೆಯಾ ನೋಡಿ. ಮೂಲೆ ಮಡಚದ ಹೊಸ ಕಾರ್ಡು ಪೆಟ್ಟಿಗೆಯಲ್ಲಿ ಮಲಗಿದ್ದರೆ ಅದನ್ನು ಯಾರೂ ಮುಟ್ಟಿಲ್ಲ. ಗೋಡೆಯ ಮೇಲಿನ ಪ್ರಗತಿನೋಟದಲ್ಲಿ ಗುರುತುಗಳು ಈ ವಾರದ ತನಕ ಬಂದಿವೆಯಾ, ಆಗಸ್ಟ್‌ನಲ್ಲೇ ನಿಂತಿವೆಯಾ ನೋಡಿ. ಕಲಿಕಾ ಚಪ್ಪರಕ್ಕೆ ಮಕ್ಕಳು ಮಾಡಿದ ಹೊಸ ಕೆಲಸ ನೇತು ಹಾಕಿದ್ದಾರಾ, ಹೋದ ವರ್ಷದ್ದೇ ಬಣ್ಣ ಮಾಸಿ ತೂಗುತ್ತಿದೆಯಾ ಅದನ್ನೂ ನೋಡಿ. ಯಾವ ವರದಿಯೂ ಹೇಳದ ಸತ್ಯವನ್ನು ಇವು ಹತ್ತು ನಿಮಿಷದಲ್ಲಿ ಹೇಳುತ್ತವೆ.

ಭಾಷೆಯ ವಿಷಯವನ್ನು ಬಿಡುವ ಹಾಗಿಲ್ಲ, ನಮ್ಮ ಜಿಲ್ಲೆಯಲ್ಲಂತೂ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದಲ್ಲಿ ಕನ್ನಡ ತಾಯಿಮಾತು ಅಂದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾರವಾರದ ಕಡೆ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಮತ್ತು ಉರ್ದು, ಹಳಿಯಾಳ, ಜೋಯಿಡಾ ಕಡೆ ಮರಾಠಿ, ಕೊಂಕಣಿ. ಗೌಳಿ ದೊಡ್ಡಿಗಳ ಮಾತು ಬೇರೆ, ಯಲ್ಲಾಪುರದ ಸಿದ್ದಿಗಳ ಮನೆಯ ಮಾತು ಬೇರೆ. ಕನ್ನಡವೇ ಮನೆಮಾತಾದವರ ಕನ್ನಡ ಕೂಡ ಪುಸ್ತಕದ ಕನ್ನಡ ಅಲ್ಲ. ಹವ್ಯಕರ ಮನೆಯಲ್ಲಿ 'ಹೋಪದು, ಬಪ್ಪದು', ಹಾಲಕ್ಕಿಗಳ ಕನ್ನಡದ ಧಾಟಿಯೇ ಬೇರೆ. ಆದರೆ ಹವ್ಯಕ ಮಗುವಿನ ಮನೆಯಲ್ಲಿ ಪುಸ್ತಕದ ಕನ್ನಡ ಓದುವ ಅಪ್ಪ-ಅಮ್ಮ ಇರುತ್ತಾರೆ, ಪೇಪರ್ ಬರುತ್ತದೆ. ಮಗುವಿಗೆ ಅದು ಶಾಲೆಗೆ ಮುಂಚೆಯೇ ಕಿವಿಗೆ ಬಿದ್ದಿರುತ್ತದೆ. ಕೊಪ್ಪದ ಮಗು ಅದನ್ನು ಮೊದಲ ಸಲ ಕೇಳುವುದು ಶಾಲೆಯಲ್ಲಿ. ಮೊದಲ ಆರು ತಿಂಗಳು ಅದು ಎರಡು ಕೆಲಸ ಒಟ್ಟಿಗೆ ಮಾಡುತ್ತಿರುತ್ತದೆ: ಓದು ಕಲಿಯುವುದು, ಆ ಓದಿನ ಭಾಷೆಯನ್ನು ಕಲಿಯುವುದು. ಒಂದನೇ ತರಗತಿಯ ಮಧ್ಯದಲ್ಲಿ ಪರೀಕ್ಷಿಸಿ 'ದಡ್ಡ' ಅನ್ನುವುದು ಆ ಮಗುವಿಗೆ ಮಾಡುವ ಅನ್ಯಾಯ. ಗದಗ, ಕೊಪ್ಪಳ ಕಡೆಯ ಮಕ್ಕಳ ಕನ್ನಡವನ್ನು ಕೇಳಿ ನಗುವ ಚಾಳಿ ನಮ್ಮಲ್ಲಿದೆ. ಅದನ್ನು ಶಾಲೆಯಲ್ಲಿ ಯಾರಾದರೂ ಮಾಡುತ್ತಿದ್ದರೆ ನಿಲ್ಲಿಸಿ. ನಗೆಗೀಡಾದ ಮಗು ಆಮೇಲೆ ಬಾಯಿ ಬಿಡುವುದಿಲ್ಲ, ಬಾಯಿ ಬಿಡದ ಮಗು ಓದು ಕಲಿಯುವುದು ಬಹಳ ತಡ.

ಇನ್ನೊಂದು ಮಾತು. ಅಂಕೋಲೆಯವರೇ ಆದ ನಿಮಗೆ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಅವರ ಬಗ್ಗೆ ನಾನು ಹೇಳಬೇಕಿಲ್ಲ. ಇಬ್ಬರೂ ಹಾಲಕ್ಕಿ ಸಮುದಾಯದವರು, ಇಬ್ಬರೂ ಪದ್ಮಶ್ರೀ ಪಡೆದವರು, ಇಬ್ಬರೂ ಶಾಲೆಯ ಮೆಟ್ಟಿಲು ಹತ್ತದವರು. ಒಬ್ಬರ ತಲೆಯಲ್ಲಿ ಕಾಡಿನ ಗಿಡಮರಗಳ ಲೆಕ್ಕ ಇತ್ತು, ಇನ್ನೊಬ್ಬರ ನಾಲಗೆಯ ಮೇಲೆ ನೂರಾರು ಹಾಡು ಇದ್ದವು. ಅಂಥ ಅಜ್ಜಿಯರ ಮನೆಯಿಂದ ಬರುವ ಮಗುವನ್ನು 'ಮನೆಯಲ್ಲಿ ಕಲಿಕೆಯ ವಾತಾವರಣ ಇಲ್ಲ' ಅಂತ ಫಾರ್ಮಿನಲ್ಲಿ ಬರೆದುಬಿಡುವುದು ಸುಲಭ. ಆ ಮಗುವಿಗೆ ಗೊತ್ತಿರುವ ಗಿಡದ ಹೆಸರು, ಹಾಡು, ಮೀನಿನ ಹೆಸರುಗಳನ್ನು ಪಾಠಕ್ಕೆ ಕರೆಯುವ ಅಕ್ಕೋರು ಸಿಕ್ಕರೆ ನಿಮ್ಮ ಮಗಳಿಗೂ ಅದರಿಂದ ಲಾಭ. ವ್ಯಾನಿನ ಶಾಲೆಯಲ್ಲಿ ಅದು ಸಿಗಲಿಕ್ಕಿಲ್ಲ.

ಹಾಜರಾತಿ ನೋಡಿ. ರಿಜಿಸ್ಟರ್ ನೋಡುವುದು ಬೇಡ, ಬಿಸಿಯೂಟದ ಹೊತ್ತಿಗೆ ಹೋಗಿ ತಲೆ ಎಣಿಸಿ. ಸಾಧ್ಯವಾದರೆ ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ದೀಪಾವಳಿ ಕಳೆದು. ನಮ್ಮ ಕಡೆ ಹಾಜರಾತಿಗೆ ಒಂದು ಋತುಮಾನ ಇದೆ. ಜೂನ್, ಜುಲೈನಲ್ಲಿ ಹಳ್ಳ ಉಕ್ಕಿದರೆ ಕಾಲುಸಂಕ ದಾಟಿ ಬರುವ ಮಕ್ಕಳು ಬರುವುದಿಲ್ಲ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳೇ ರಜೆ ಕೊಡುತ್ತಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ನಿಮ್ಮ ತಾಲೂಕಿನಲ್ಲೇ ಅಲ್ವಾ? ಮಳೆಯಲ್ಲಿ ಕಟ್ಟಡ ಕೆಲಸ ನಿಂತಾಗ ಬಯಲುಸೀಮೆಯವರು ಊರಿಗೆ ಹೋಗುತ್ತಾರೆ, ದೀಪಾವಳಿ ಕಳೆದು ಮಕ್ಕಳ ಸಮೇತ ಮರಳುತ್ತಾರೆ. ಹೋಳಿಯ ಹೊತ್ತಿಗೆ ಸುಗ್ಗಿ ಕುಣಿತದ ದಿನಗಳಲ್ಲಿ ಹಾಲಕ್ಕಿ ಹುಡುಗರ ಬೆಂಚು ಖಾಲಿ. ಇದೆಲ್ಲ ಗೊತ್ತಿರುವ ಹೆಡ್ ಮಾಸ್ತರು ಕಷ್ಟದ ಪಾಠಗಳನ್ನು ಹಾಗೆ ನೋಡಿಕೊಂಡು ಇಟ್ಟುಕೊಳ್ಳುತ್ತಾರೆ, ತಪ್ಪಿದವರಿಗೆ ಮತ್ತೆ ಹೇಳಿಕೊಡುತ್ತಾರೆ. ಕಾಯ್ದೆ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು. ಎಷ್ಟು ಮಕ್ಕಳಿಗೆ ಅದರಲ್ಲಿ 170 ದಿನವಾದರೂ ಸಿಗುತ್ತದೆ ಅನ್ನುವುದೇ ಅಂಕಕ್ಕಿಂತ ದೊಡ್ಡ ಪ್ರಶ್ನೆ.

ಈ ಋತುಮಾನಕ್ಕೆ ಇನ್ನೊಂದು ಪೆಟ್ಟು ಇದೆ. ಶಾಲೆಗಳ ಅಧಿಕೃತ ಮಾಹಿತಿ ಇರುವುದು ಕೇಂದ್ರ ಸರ್ಕಾರದ ಆನ್‌ಲೈನ್ ದಾಖಲೆಯಾದ ಯುಡೈಸ್ ಪ್ಲಸ್‌ನಲ್ಲಿ. ನಿಮ್ಮ ಶಾಲೆಯದ್ದೂ ಅಲ್ಲಿ ನೋಡಬಹುದು. ತರಗತಿವಾರು ಮಕ್ಕಳು, ಶಿಕ್ಷಕರು, ಶೌಚಾಲಯ, ನೀರು ಎಲ್ಲ ಸಿಗುತ್ತದೆ. ಮಕ್ಕಳು ಎಷ್ಟು ಕಲಿತಿದ್ದಾರೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಆ ಲೆಕ್ಕಕ್ಕೆ ಆಧಾರ ದಿನ ಸೆಪ್ಟೆಂಬರ್ 30. ದೀಪಾವಳಿ ಬರುವುದು ಆಮೇಲೆ. ಅಂದರೆ ನವೆಂಬರ್‌ನಲ್ಲಿ ಬಂದು ಸೇರುವ ಮಕ್ಕಳಿಗೆ ಅಕ್ಕೋರು ಪಾಠ ಹೇಳಬೇಕು, ಅವರ ತಲೆ ಆ ಲೆಕ್ಕದಲ್ಲಿ ಇರುವುದಿಲ್ಲ.

ತಲೆಲೆಕ್ಕ ಯಾಕೆ ಮುಖ್ಯ? ಶಿಕ್ಷಕರ ಸಂಖ್ಯೆ ನಿಂತಿರುವುದೇ ಅದರ ಮೇಲೆ. ಕಾಯ್ದೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ನಿಮ್ಮ ಕಾಲದಲ್ಲಿ ಎಪ್ಪತ್ತು ಮಕ್ಕಳು ಇದ್ದಿದ್ದರೆ ಇವತ್ತಿನ ಲೆಕ್ಕದಲ್ಲಿ ಮೂವರು ಶಿಕ್ಷಕರು ಬರುತ್ತಿದ್ದರು. ವ್ಯಾನ್ ಬಂದು ಮೂವತ್ತು ಮಕ್ಕಳು ಹೋದರು. ಒಬ್ಬ ಶಿಕ್ಷಕರು 'ಹೆಚ್ಚುವರಿ' ಅಂತಾಗಿ ಬೇರೆ ಶಾಲೆಗೆ ಹೋಗುತ್ತಾರೆ. ಉಳಿದ ಇಬ್ಬರಲ್ಲಿ ಒಬ್ಬರು ನಲಿ-ಕಲಿ, ಇನ್ನೊಬ್ಬರು ನಾಲ್ಕು-ಐದನೇ ತರಗತಿ, ಮೇಲಿಂದ ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ. ಒಬ್ಬರು ರಜೆ ಹಾಕಿದರೆ ಐದು ತರಗತಿ ಒಬ್ಬರ ತಲೆಯ ಮೇಲೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆದರೆ ಆ ಮೂರೇ ಸಾಕಷ್ಟು ದಿನ ತಿನ್ನುತ್ತವೆ. ಅದು ಸಾಲದು ಅನ್ನುವಂತೆ 2025ರ ದಸರಾ ಹೊತ್ತಿಗೆ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಿ ರಜೆಯನ್ನೇ ಮುಂದುವರಿಸಬೇಕಾಯಿತು. ಹೀಗೆ ಮಟ್ಟ ಇಳಿದಿದೆ ಅಂತ ಮಕ್ಕಳು ಹೋಗುತ್ತಾರೆ, ಮಕ್ಕಳು ಹೋದರೆಂದು ಶಿಕ್ಷಕರು ಹೋಗುತ್ತಾರೆ, ಶಿಕ್ಷಕರು ಹೋದ ಮೇಲೆ ಮಟ್ಟ ನಿಜವಾಗಿಯೂ ಇಳಿಯುತ್ತದೆ. ಅದರ ಬೆಲೆ ತೆರುವವರು ವ್ಯಾನಿನ ದುಡ್ಡು ಕೊಡಲಾಗದೆ ಉಳಿದ ಮಕ್ಕಳು. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ದೊಡ್ಡ ಸಮೀಕ್ಷೆಗಳ ಬಗ್ಗೆ ಚಿಕ್ಕದಾಗಿ. 2021ರ ನವೆಂಬರ್‌ನ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್‌ನ ಪರಖ್ ಸಮೀಕ್ಷೆ ಇವೆಲ್ಲ ಆಯ್ದ ಶಾಲೆಗಳ ಮಾದರಿ ಪರೀಕ್ಷೆಗಳು. ಜಿಲ್ಲೆಯ ಚಿತ್ರ ಸಿಗುತ್ತದೆ, ನಿಮ್ಮೂರ ಶಾಲೆಯದ್ದು ಸಿಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆಯ ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳು ಒಳ್ಳೆಯ ಹೆಸರು ಮಾಡಿವೆ. ಆದರೆ ಹತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಮಗು ನಿಮ್ಮೂರ ಶಾಲೆ ಬಿಟ್ಟು ಐದು ವರ್ಷ ಆಗಿರುತ್ತದೆ. ಅದನ್ನು ನೋಡಿ ಒಂದನೇ ತರಗತಿ ಆರಿಸಬೇಡಿ. ಇಂಗ್ಲಿಷ್‌ನ ಚಿಂತೆ ಇದ್ದರೆ, 2007-08ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಅನ್ನುವುದು ಮತ್ತೆ ಅಕ್ಕೋರ ಮೇಲೆ. ಮನೆಯಲ್ಲಿ ನೀವು ಸ್ವಲ್ಪ ಕೈ ಹಿಡಿಯಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಈಗ ನನ್ನ ಸಲಹೆ. ಕೆಲಸದ ದಿನ ಬೆಳಿಗ್ಗೆ ಹೋಗಿ ಒಂದು ಗಂಟೆ ನಲಿ-ಕಲಿ ಕೊಠಡಿಯಲ್ಲಿ ಕೂರಲು ಅನುಮತಿ ಕೇಳಿ. ಸಮುದಾಯದತ್ತ ಶಾಲೆ ಕಾರ್ಯಕ್ರಮ ಇದ್ದ ದಿನವೂ ಹೋಗಿ, ಅವತ್ತು ಮಕ್ಕಳ ಕಲಿಕೆಯನ್ನು ಪಾಲಕರ ಮುಂದೆ ಇಡುತ್ತಾರೆ. ಅಕ್ಕೋರಿಗೆ ಪ್ರತಿ ಮಗುವಿನ ಮಟ್ಟ ಗೊತ್ತಿದೆ, ಕಾರ್ಡುಗಳು ಸವೆದಿವೆ, ಬಿಸಿಯೂಟಕ್ಕೆ ಕೂತ ತಲೆಗಳೂ ರಿಜಿಸ್ಟರಿನ ಹೆಸರುಗಳೂ ಹತ್ತಿರಹತ್ತಿರ ಇವೆ ಅಂತಾದರೆ ಕಣ್ಣು ಮುಚ್ಚಿ ಸೇರಿಸಿ. ನನ್ನ ಮನೆಯ ಮಗು ಆಗಿದ್ದರೂ ಸೇರಿಸುತ್ತಿದ್ದೆ. ಇಬ್ಬರು ಶಿಕ್ಷಕರಲ್ಲಿ ಒಬ್ಬರು ವರ್ಷಪೂರ್ತಿ ನಿಯೋಜನೆಯ ಮೇಲೆ ಬೇರೆಲ್ಲೋ ಇದ್ದರೆ, ಆ ಜಾಗಕ್ಕೆ ಅತಿಥಿ ಶಿಕ್ಷಕರೂ ಬಂದಿಲ್ಲದಿದ್ದರೆ ಈಗಲೇ ಸೇರಿಸಬೇಡಿ. ಪಕ್ಕದ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ನೋಡಿ ಬನ್ನಿ. ಅಲ್ಲಿ ಮಕ್ಕಳೂ ಜಾಸ್ತಿ, ಶಿಕ್ಷಕರೂ ಜಾಸ್ತಿ ಇರುತ್ತಾರೆ.

ಸೇರಿಸಿದ ಮೇಲೆ ಎಸ್‌ಡಿಎಂಸಿಗೆ ನಿಲ್ಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕರೇ ಸದಸ್ಯರು, ಮೂರು ವರ್ಷದ ಅವಧಿ. ಕೊಪ್ಪದ ತಾಯಂದಿರಲ್ಲಿ ಒಬ್ಬರು, ಕಟ್ಟಡ ಕೆಲಸದವರಲ್ಲಿ ಒಬ್ಬರು ಸಭೆಗೆ ಬರುವ ಹಾಗೆ ನೋಡಿಕೊಳ್ಳಿ. ಸಭೆಯನ್ನು ಅವರ ಕೂಲಿ ತಪ್ಪದ ಹೊತ್ತಿಗೆ, ಸಂಜೆ ಇಟ್ಟುಕೊಳ್ಳಿ. ಶಿಕ್ಷಕರ ಕೊರತೆ ಇದ್ದರೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. ಸಮಿತಿಯ ಠರಾವು ಬರೆದು, ಮಕ್ಕಳ ಇವತ್ತಿನ ಸಂಖ್ಯೆಯನ್ನು ಸೇರಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸೆಪ್ಟೆಂಬರ್ ಮತ್ತು ಡಿಸೆಂಬರ್ ಎರಡೂ ತಿಂಗಳ ಸಂಖ್ಯೆ ಅದರಲ್ಲಿ ಇರಲಿ, ದೀಪಾವಳಿ ನಂತರ ಬಂದ ಮಕ್ಕಳು ಲೆಕ್ಕಕ್ಕೆ ಸಿಗುವುದು ಹಾಗೆ ಮಾತ್ರ. ನಲಿ-ಕಲಿಯ ಅಕ್ಕೋರು ಈ ವರ್ಷ ವರ್ಗಾವಣೆಯ ಪಟ್ಟಿಯಲ್ಲಿ ಇದ್ದಾರಾ ಅನ್ನುವುದನ್ನು ಸೇರಿಸುವ ಮೊದಲೇ ಕೇಳಿಕೊಳ್ಳಿ. ಇದ್ದರೆ ಅವರ ಜಾಗಕ್ಕೆ ನಲಿ-ಕಲಿ ತರಬೇತಿ ಆದವರೇ ಬೇಕು ಅಂತ ಠರಾವಿನಲ್ಲಿ ಒಂದು ಸಾಲು ಸೇರಿಸಿ.